ಒಂಬೈನೂರ ನಾಲ್ಕನೆಯ ಸಾಲು

ನಮ್ಮ ಊರಿನಲ್ಲಿ ಸತ್ತವರ ಹೆಸರು ಮೂರನೆಯ ದಿನಕ್ಕೆ ಹೋಗುತ್ತದೆ. ಮುಖ ಹೋಗುವುದಿಲ್ಲ, ದನಿ ಹೋಗುವುದಿಲ್ಲ, ಅವರು ಕೆಮ್ಮುತ್ತಿದ್ದ ರೀತಿ ಕೂಡ ಹಾಗೇ ಉಳಿದಿರುತ್ತದೆ. ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ. ಪಡಿತರ ಚೀಟಿಯಲ್ಲಿ, ಹಳೆಯ ಲಗ್ನಪತ್ರಿಕೆಯಲ್ಲಿ, ಸ್ಟೀಲ್ ಪಾತ್ರೆಯ ಅಂಚಿನಲ್ಲಿ ಕೊರೆಸಿದ್ದ ಕಡೆ, ಎಲ್ಲೆಲ್ಲಿ ಆ ಹೆಸರಿತ್ತೋ ಅಲ್ಲೆಲ್ಲ ಬೋಳಾಗಿರುತ್ತದೆ. ಅದೇ ಹೆಸರಿನ ಇನ್ನೊಬ್ಬರು ಬದುಕಿದ್ದರೆ ಅವರನ್ನು ಕೂಗಿ ಕರೆಯಲು ತೊಂದರೆಯಿಲ್ಲ. ಅದು ಸತ್ತ ನಮ್ಮವರದೂ ಆಗಿತ್ತು ಎಂಬುದು ಹೊಳೆಯುವುದಿಲ್ಲ, ಅಷ್ಟೇ. ಬೇರೆ ಕಡೆಯಿಂದ ವರ್ಗವಾಗಿ ಬಂದ ನೌಕರರು ಮೊದಮೊದಲು ಹೆದರುತ್ತಾರೆ. ಆಮೇಲೆ ಅವರೂ ನಮ್ಮ ಹಾಗೆ, ಹಿಂದಿನ ಮನೆಯ ಹಲ್ಲುನೋವಿನವರು, ಎಡಗೈಯಲ್ಲಿ ಬಡಿಸುತ್ತಿದ್ದಾಕೆ ಎಂದು ಹೇಳಿಕೊಂಡು ಹೋಗುವುದನ್ನು ಕಲಿಯುತ್ತಾರೆ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ಪದ್ಧತಿ ನಮ್ಮಲ್ಲಿಲ್ಲ.

ನಾನು ಮತ್ತು ನನ್ನ ಹೆಂಡತಿ ಅಂಬುಜ ನಮ್ಮ ಮಗಳನ್ನು ಚಿಕ್ಕವಳು ಎನ್ನುತ್ತೇವೆ. ನಮಗೆ ದೊಡ್ಡವಳು ಅಂತ ಯಾರೂ ಇರಲಿಲ್ಲ, ಅವಳೊಬ್ಬಳೇ. ಆರು ವರ್ಷದವಳಿದ್ದಾಗ ಜ್ವರ ಬಂದು ಐದೇ ದಿನದಲ್ಲಿ ಹೋಗಿಬಿಟ್ಟಳು. ಹೋದ ಗಳಿಗೆಯಿಂದ ಅಂಬುಜ ಗೋಡೆಗೆ ಒರಗಿ ಕೂತು ಅವಳ ಹೆಸರನ್ನೇ ಹೇಳಲು ಶುರುಮಾಡಿದಳು. ಊಟವಿಲ್ಲ, ನಿದ್ದೆಯಿಲ್ಲ, ಅಳು ಕೂಡ ಇಲ್ಲ. ಬಿಡದೆ ಹೇಳುತ್ತಿದ್ದರೆ ಉಳಿಯುತ್ತದೆ ಎಂದು ಅವಳಿಗೆ ಯಾರೋ ಹೇಳಿದ್ದರು. ಮೂರನೆಯ ದಿನ ಬೆಳಗ್ಗೆ ಹತ್ತರ ಸುಮಾರಿಗೆ, ಹೆಸರಿನ ಅರ್ಧದಲ್ಲಿ ಅವಳ ನಾಲಿಗೆ ನಿಂತಿತು. ಬಾಯಿ ತೆರೆದೇ ಇತ್ತು. ನನ್ನ ಕಡೆ ನೋಡಿದಳು. ನಾನಾದರೂ ಮುಂದಿನ ಅರ್ಧ ಹೇಳಿಕೊಡುತ್ತೇನೆ ಎಂದು ಕಾದಳು. ನನಗೂ ಹೋಗಿತ್ತು.

ಇಡೀ ಊರಿನಲ್ಲಿ ಹೆಸರು ಉಳಿಯುತ್ತಿದ್ದುದು ಒಬ್ಬರಲ್ಲಿ ಮಾತ್ರ. ಕುಂಬಾರ ಓಣಿಯ ಕೊನೆಯ ಮನೆಯ ಮುದುಕಿ. ಹೆಸರಜ್ಜಿ ಎಂದು ಕರೆಯುತ್ತಿದ್ದೆವು. ಆಕೆಗೆ ಅವು ಆಕೆಯ ಅತ್ತೆಯಿಂದ ಬಂದಿದ್ದವು, ಅತ್ತೆಗೆ ಅವರ ಅತ್ತೆಯಿಂದ. ಆ ಮನೆಯ ಬಾಗಿಲಿಗೆ ಹೋಗಿ ಕೂತು ಕೇಳಿದರೆ ಅಜ್ಜಿ ನಮ್ಮವರ ಹೆಸರನ್ನು ಹೇಳುತ್ತಿದ್ದರು. ಅಲ್ಲಿ ಕೂತಿರುವಷ್ಟು ಹೊತ್ತು ನಾವೂ ಅದನ್ನು ಹೇಳಬಹುದಾಗಿತ್ತು, ಎಷ್ಟು ಸಲ ಬೇಕಾದರೂ. ಹೊಸ್ತಿಲು ದಾಟಿದ ಕೂಡಲೇ ಹೋಗುತ್ತಿತ್ತು. ಆದರೂ ಜನ ಹೋಗುತ್ತಿದ್ದರು. ಟೈಲರ್ ಗುರುಸಿದ್ಧಣ್ಣ ಹನ್ನೊಂದು ವರ್ಷ ಪ್ರತಿ ಗುರುವಾರ ಅಂಗಡಿ ಮುಚ್ಚಿ ಹೋಗಿ, ಹೆಂಡತಿಯ ಹೆಸರನ್ನು ಒಂದು ಗಂಟೆ ಹೇಳಿಕೊಂಡು ಬರುತ್ತಿದ್ದ. ಅಂಬುಜ ತಿಂಗಳಿಗೊಮ್ಮೆ ಹೋಗುತ್ತಿದ್ದಳು. ವಾಪಸು ಬರುವಾಗ ಅವಳ ಮುಖ ನೋಡಲಾಗುತ್ತಿರಲಿಲ್ಲ.

ಅಜ್ಜಿಯ ಸೊಸೆ ಕೆಂಚಮ್ಮ ಇಪ್ಪತ್ತೆರಡು ವರ್ಷ ಅತ್ತೆಯ ಪಕ್ಕದಲ್ಲಿ ಕೂತು ಕಲಿಯಲು ಪ್ರಯತ್ನಪಟ್ಟಿದ್ದಳು. ಒಂದೇ ಒಂದು ಹೆಸರೂ ನಿಲ್ಲಲಿಲ್ಲ. ಯಾಕೆ ಎಂದು ಯಾರಿಗೂ ಗೊತ್ತಿಲ್ಲ. "ನನ್ನ ತಲೆ ತೂತು ಕಣಣ್ಣ" ಎಂದು ನಗುನಗುತ್ತಾ ಹೇಳಿ ಅವಳು ಒಳಗೆ ಹೋಗುತ್ತಿದ್ದಳು.

ನಾನು ಪುರಸಭೆಯಲ್ಲಿ ಕಂಪ್ಯೂಟರ್ ಆಪರೇಟರ್. ನಲ್ಲಿ ಸಂಪರ್ಕದ ಪಟ್ಟಿ, ಜನನದ ಪಟ್ಟಿ, ಇಂಥವಕ್ಕೆ ಬೇಕಾದ ಸಣ್ಣಪುಟ್ಟ ಪ್ರೋಗ್ರಾಮುಗಳನ್ನು ನಾನೇ ಬರೆದುಕೊಳ್ಳುತ್ತಿದ್ದೆ. ಒಂದು ದಿನ ಗುಮಾಸ್ತ ರುದ್ರಪ್ಪ ನನ್ನ ಮೇಜಿನ ಬಳಿ ಬಂದು ಪರದೆಯ ಮೇಲೆ ಬೆರಳಿಟ್ಟು ಒಂದು ಹೆಸರು ಓದಿದ. ನಲ್ಲಿ ಪಟ್ಟಿಯಲ್ಲಿದ್ದ, ಇಪ್ಪತ್ತು ದಿನದ ಹಿಂದೆ ತೀರಿಕೊಂಡಿದ್ದ ಹೋಟೆಲಿನವರ ಹೆಸರು ಅದು. ಇಬ್ಬರೂ ಬೆಚ್ಚಿಬಿದ್ದೆವು. ರುದ್ರಪ್ಪ ಮುಖ್ಯಾಧಿಕಾರಿಗೆ ಹೇಳಲು ಓಡಿದ; ಬಾಗಿಲ ಆಚೆ ಹೋಗಿ ನಿಂತು, ತಲೆ ಕೆರೆದುಕೊಂಡು ವಾಪಸು ಬಂದು ಮತ್ತೆ ಓದಿದ. ಫೈಲು ತೆರೆದು ನೋಡಿದರೆ ಆ ಜಾಗ ಖಾಲಿ. ಮುದ್ರಿಸಿದ ಹಾಳೆಯಲ್ಲೂ ಖಾಲಿ. ಪರದೆಯ ಮೇಲೆ ನಾನು ಒಂದು ತಿಂಗಳಿಂದ ಮುಚ್ಚದೆ ಬಿಟ್ಟಿದ್ದ ಪ್ರೋಗ್ರಾಮಿನ ಕಿಟಕಿಯಲ್ಲಿ ಮಾತ್ರ ಇತ್ತು. ಕಂಪ್ಯೂಟರು ಓಡುತ್ತಿರುವಾಗ ತನ್ನ ನೆನಪಿನಲ್ಲಿ ಹಿಡಿದುಕೊಂಡಿರುವುದನ್ನು ಯಾವುದೂ ಮುಟ್ಟಿರಲಿಲ್ಲ. ಎರಡು ದಿನದ ನಂತರ ಕರೆಂಟು ಹೋಯಿತು. ಹೆಸರೂ ಹೋಯಿತು. ಆದರೆ ಅಷ್ಟರಲ್ಲಿ ಮುಖ್ಯಾಧಿಕಾರಿ ವಿಶಾಲಾಕ್ಷಿ ಮೇಡಂ ಬಂದು ಕಣ್ಣಾರೆ ನೋಡಿ, ತಮ್ಮ ಬಾಯಿಂದ ಓದಿದ್ದರು. ಒಂದೇ ವಾರದಲ್ಲಿ ಎರಡು ಯುಪಿಎಸ್ ಬಂದವು. ದಾಖಲೆ ಕೊಠಡಿ ಖಾಲಿ ಮಾಡಿಸಿ ಒಂದು ಕಂಪ್ಯೂಟರನ್ನು ಅಲ್ಲಿಟ್ಟರು.

"ಇಂದುಧರ್, ಅಜ್ಜಿಗೆ ಹುಷಾರಿಲ್ಲ. ಕೆಂಚಮ್ಮ ಹೇಳಿದ ಪ್ರಕಾರ ಜಾಸ್ತಿ ದಿನ ಇಲ್ಲ. ಎಷ್ಟು ದಿನ ಬೇಕು ನಿಮಗೆ?" ಎಂದು ಮೇಡಂ ಕೇಳಿದರು.

"ಮೂರು ದಿನ" ಎಂದೆ.

ಮೂರು ದಿನದಲ್ಲಿ ಪ್ರೋಗ್ರಾಮು ಮುಗಿಯಿತು. ಅದರಲ್ಲಿ ದೊಡ್ಡ ವಿಷಯವೇನೂ ಇರಲಿಲ್ಲ. ಮೇಲೆ ಟೈಪು ಮಾಡಲು ಒಂದು ಪೆಟ್ಟಿಗೆ. ಎಂಟರ್ ಒತ್ತಿದರೆ ಟೈಪು ಮಾಡಿದ್ದು ಒಳಗಿನ ಅರೇಗೆ ಹೋಗುತ್ತದೆ. ಅರೇ ಎಂದರೆ ಒಂದರ ಪಕ್ಕ ಒಂದು ಇರುವ ಖಾನೆಗಳ ಸಾಲು, ಎರಡು ಸಾವಿರ ಖಾನೆ ಮಾಡಿದ್ದೆ. ಎಲ್ಲ ಮುಗಿದ ಮೇಲೆ 'ತೋರಿಸು' ಎಂಬ ಗುಂಡಿ ಒತ್ತಿದರೆ ತುಂಬಿದ ಖಾನೆಗಳನ್ನೆಲ್ಲ ಗ್ರಿಡ್‌ಗೆ ಕಟ್ಟುತ್ತದೆ, ಅಂದರೆ ಪರದೆಯ ಮೇಲೆ ಗೆರೆ ಹಾಕಿದ ಕೋಷ್ಟಕದಲ್ಲಿ ಒಂದೊಂದು ಸಾಲಾಗಿ ಕಾಣಿಸುತ್ತದೆ. ಒಂದು ಕಾಲಮ್ಮಿನಲ್ಲಿ ಹೆಸರು, ಇನ್ನೊಂದರಲ್ಲಿ ಅವರು ಯಾರವರು ಎಂಬುದು. ಆಫೀಸಿನ ಎಲ್ಲರ ಹೆಸರು ಹಾಕಿ ಪರೀಕ್ಷೆ ಮಾಡಿದೆ. ಚೆನ್ನಾಗಿಯೇ ಬಂತು.

ಅಜ್ಜಿಯನ್ನು ಮಂಚದ ಸಮೇತ ಹೊತ್ತು ತಂದು ದಾಖಲೆ ಕೊಠಡಿಯಲ್ಲಿ ಮಲಗಿಸಿದರು. ಮೊದಲ ಬೆಳಗ್ಗೆ ನಾಲ್ಕು ಹೆಸರು ಹೇಳುವಷ್ಟರಲ್ಲಿ ಅವರಿಗೆ ಏದುಸಿರು ಬಂತು. ಹೆಸರು ಹೇಳಿ, ಇಂಥವರ ಮಗ, ಇಂಥವರ ಹೆಂಡತಿ ಎಂದು ಹೇಳಲು ಒಬ್ಬೊಬ್ಬರಿಗೆ ಮೂರು ಮೂರು ಉಸಿರು ಬೇಕಾಗುತ್ತಿತ್ತು. ಹೀಗಾದರೆ ಇಪ್ಪತ್ತೈದು ದಿನವಾಗುತ್ತದೆ ಎಂದು ನಾನು ಲೆಕ್ಕ ಹಾಕಿದೆ. ಅಷ್ಟು ದಿನ ಅವರಲ್ಲಿ ಇರಲಿಲ್ಲ.

"ಅಜ್ಜಿ, ಬರೀ ಹೆಸರು ಹೇಳಿ ಸಾಕು. ಯಾರು ಯಾವಾಗ ಹೋದ್ರು ಅನ್ನೋ ಕ್ರಮದಲ್ಲಿ ಹೇಳ್ಕೊಂಡು ಹೋಗಿ. ಯಾರು ಯಾರವರು ಅಂತ ಆಮೇಲೆ ನಾವೇ ಹೊಂದಿಸ್ಕೋತೀವಿ."

ಕೆಂಚಮ್ಮ ಅವರಿಗೆ ಗಂಜಿ ಕುಡಿಸುತ್ತಿದ್ದಾಗ ನಾನು, ಹೋಗುವ ಆ ನಾಲ್ಕು ಹೆಸರನ್ನು ಮತ್ತೆ ಹೇಳಿಸಿದರಾಯಿತು ಎಂದುಕೊಂಡು, ಪ್ರೋಗ್ರಾಮು ನಿಲ್ಲಿಸಿ ಎರಡನೆಯ ಕಾಲಂ ತೆಗೆದುಹಾಕಿದೆ. ಹೆಸರಿಗೂ ಸಂಬಂಧಕ್ಕೂ ಸೇರಿಸಿ ಮಾಡಿದ್ದ ಮೂಟೆಯನ್ನು ಬಿಚ್ಚಿ, ಖಾನೆಗಳಲ್ಲಿ ಬರೀ ಹೆಸರನ್ನೇ ಇಡುವ ಹಾಗೆ ಬದಲಾಯಿಸಿದೆ. ಹತ್ತು ನಿಮಿಷದ ಕೆಲಸ. ಅದನ್ನು ಪರೀಕ್ಷೆ ಮಾಡಲಿಲ್ಲ. ಗಂಜಿ ಮುಗಿದಿತ್ತು, ಅಜ್ಜಿ ನನ್ನ ಕಡೆ ನೋಡುತ್ತಿದ್ದರು. ಆ ಹತ್ತು ನಿಮಿಷವನ್ನು ನಾನು ಆಮೇಲೆ ಎಷ್ಟು ಸಲ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ.

ಒಂಬತ್ತು ದಿನ ಅಜ್ಜಿ ಹೇಳಿದರು, ನಾನು ಟೈಪು ಮಾಡಿದೆ. ಎಂಟರ್ ಒತ್ತಿದ ಕೂಡಲೇ ಪೆಟ್ಟಿಗೆ ಖಾಲಿಯಾಗಿ ಕೆಳಗಿನ ಎಣಿಕೆ ಒಂದು ಹೆಚ್ಚುತ್ತಿತ್ತು. ಅದು ಏರುವುದನ್ನು ನೋಡುವುದೇ ಒಂದು ಸಮಾಧಾನವಾಗಿತ್ತು. ಮೂರನೆಯ ದಿನ ಅಜ್ಜಿ ನಡುವೆ ನಿಲ್ಲಿಸಿ, "ಅವರೆಲ್ಲ ಎಲ್ಲವ್ರೆ? ತೋರಿಸು ಮಗಾ" ಎಂದರು.

"ಎಲ್ಲ ಮುಗೀಲಿ ಅಜ್ಜಿ, ಒಟ್ಟಿಗೇ ತೋರಿಸ್ತೀನಿ."

"ನಂಗೆ ಓದಕ್ಕೆ ಬರಲ್ಲ. ಆದ್ರೂ ಸಾಲಾಗಿ ಕೂತವ್ರಾ ಅಂತ ಒಂದ್ಸಲ ನೋಡ್ಬೇಕು ಅನ್ನಿಸ್ತು."

"ಕೂತಿದ್ದಾರೆ ಅಜ್ಜಿ" ಎಂದೆ. ಸಮಯ ಉಳಿಸುವುದಕ್ಕೆಂದೇ ಹಾಗೆ ಹೇಳಿದ್ದು.

ಆರನೆಯ ದಿನ ಊಟವಾದ ಮೇಲೆ ಅಜ್ಜಿ, "ಇದು ನಿನ್ನ ಮಗು" ಎಂದು ಹೇಳಿ ಹೆಸರು ಹೇಳಿದರು. ನಾನು ಟೈಪು ಮಾಡಿದೆ. ಕೀಲಿಗಳ ಮೇಲೆ ಬೆರಳು ಇಡುವಾಗ ಅವಳು ಶಾಲೆಯ ಸ್ಲೇಟಿನಲ್ಲಿ ಅದನ್ನೇ ದೊಡ್ಡದಾಗಿ ಬರೆದು ನನ್ನ ಮೂಗಿನ ಮುಂದೆ ಹಿಡಿಯುತ್ತಿದ್ದುದು ಕಣ್ಣೆದುರು ಬಂತು. ಎಂಟರ್ ಒತ್ತಲು ಮನಸ್ಸಾಗಲಿಲ್ಲ. ಅಜ್ಜಿ ಕಾದರು. ಒತ್ತಿದೆ. ಎಣಿಕೆ ಒಂಬೈನೂರ ನಾಲ್ಕು ಎಂದಾಯಿತು. ಸಂಜೆ ಕೊಠಡಿಯಿಂದ ಹೊರಗೆ ಬಂದಾಗ ಹೆಸರು ಹೋಯಿತು, ಆ ಸಂಖ್ಯೆ ಉಳಿಯಿತು.

ಒಂಬತ್ತನೆಯ ದಿನ ಸಾವಿರದ ನಾನೂರ ಹನ್ನೆರಡನೆಯದನ್ನು ಹೇಳಿ ಅಜ್ಜಿ, "ಇನ್ನೊಂದೈತೆ" ಎಂದು ತಮ್ಮದೇ ಹೆಸರು ಹೇಳಿದರು. "ಇನ್ನೂ ಇದ್ದೀರಲ್ಲ ಅಜ್ಜಿ" ಎಂದೆ. "ಇವಾಗ್ಲೇ ಬರ್ಕೊ. ಆಮೇಲೆ ಯಾರು ಹೇಳ್ತಾರೆ?" ಎಂದರು. ಮರುದಿನ ಮಧ್ಯಾಹ್ನ, ಕೆಂಚಮ್ಮ ಪಕ್ಕದಲ್ಲಿ ಕೂತು ತಲೆ ಬಾಚುತ್ತಿದ್ದಾಗ ತೀರಿಕೊಂಡರು.

ಮೂರು ದಿನ ಕಳೆದ ಮೇಲೆ ಎಲ್ಲರಿಗೂ ತೋರಿಸುವುದೆಂದು ಮೇಡಂ ಗೊತ್ತುಮಾಡಿದರು. ಅವತ್ತು ಬೆಳಗ್ಗೆ ಏಳಕ್ಕೇ ಪುರಸಭೆಯ ಅಂಗಳ ತುಂಬಿತ್ತು. ಸಾಲಿನ ಮೊದಲಿಗೆ ಗುರುಸಿದ್ಧಣ್ಣ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನಿಂತಿದ್ದ. ಅಂಬುಜ ಹೆಂಗಸರ ಗುಂಪಿನಲ್ಲಿದ್ದಳು; ಚಿಕ್ಕವಳ ರಿಬ್ಬನ್ನೊಂದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಮೇಡಂ, ಕೆಂಚಮ್ಮ, ಗುರುಸಿದ್ಧಣ್ಣ ಒಳಗೆ ಬಂದರು. ನಾನು 'ತೋರಿಸು' ಒತ್ತಿದೆ.

ಗ್ರಿಡ್ ಬಂತು. ಮೇಲೆ ಒಂದೇ ಕಾಲಂ, ಅದರ ನೆತ್ತಿಯ ಮೇಲೆ 'ಲೆಂಗ್ತ್' ಎಂಬ ಇಂಗ್ಲಿಷ್ ಪದ. ಕೆಳಗೆ ಏಳು. ಐದು. ಹತ್ತು. ಆರು. ಆರು. ಒಂಬತ್ತು. ಕೆಳಗೆ ಎಳೆದೆ. ಸಾವಿರದ ನಾನೂರ ಹದಿಮೂರು ಸಾಲು, ಎಲ್ಲ ಅಂಕಿ.

"ಹೆಸರು ಎಲ್ಲಿ ಸಾರ್?" ಎಂದು ಗುರುಸಿದ್ಧಣ್ಣ ಕೇಳಿದ.

ನನಗೆ ತಕ್ಷಣ ಅರ್ಥವಾಯಿತು, ಅದೇ ಕೆಟ್ಟದ್ದು. ಗ್ರಿಡ್ ತನಗೆ ಕೊಟ್ಟ ವಸ್ತುವನ್ನು ತೋರಿಸುವುದಿಲ್ಲ, ಆ ವಸ್ತುವಿಗೆ ಇರುವ ಗುಣಗಳನ್ನು ತೋರಿಸುತ್ತದೆ. ಒಬ್ಬ ಮನುಷ್ಯನ ವಿವರದ ಮೂಟೆ ಕೊಟ್ಟರೆ ಹೆಸರಿಗೊಂದು ಕಾಲಂ, ಸಂಬಂಧಕ್ಕೊಂದು ಕಾಲಂ ಮಾಡಿಕೊಡುತ್ತದೆ. ಬರೀ ಅಕ್ಷರಗಳ ಹೆಸರನ್ನೇ ಕೊಟ್ಟರೆ, ಅದಕ್ಕೆ ಕಾಣುವ ಗುಣ ಒಂದೇ, ಹೆಸರಿನ ಉದ್ದ. ಯಾವ ಹೊಸಬನಿಗೂ ಗೊತ್ತಿರುವ ವಿಷಯ. ನನಗೂ ಗೊತ್ತಿತ್ತು. ಹೆಸರುಗಳು ಒಳಗೆ ಭದ್ರವಾಗಿದ್ದವು, ಅವುಗಳನ್ನು ತೋರಿಸಲು ಪ್ರೋಗ್ರಾಮನ್ನು ಬದಲಾಯಿಸಬೇಕಿತ್ತು, ಬದಲಾಯಿಸಲು ನಿಲ್ಲಿಸಬೇಕಿತ್ತು, ನಿಲ್ಲಿಸಿದ ಕ್ಷಣಕ್ಕೆ ಒಳಗಿನದೆಲ್ಲ ಹೋಗುತ್ತಿತ್ತು. ಮತ್ತೊಮ್ಮೆ ಹೇಳಲು ಅಜ್ಜಿ ಇರಲಿಲ್ಲ.

ಇದನ್ನು ನಾನು ಮೇಡಂಗೆ ಹೇಳುತ್ತಿರುವಾಗ ನನ್ನ ದನಿ ಸಪಾಟಾಗಿತ್ತು, ಯಾರದೋ ಅರ್ಜಿ ಓದುತ್ತಿರುವ ಹಾಗೆ. ಕೆಂಚಮ್ಮ ಕೊನೆಯ ಸಾಲಿನ ಅಂಕಿಯನ್ನೇ ನೋಡುತ್ತಿದ್ದಳು. "ಏಳು" ಎಂದಳು. "ನಮ್ಮತ್ತೆ ಏಳಾ?" ಎಂದು ಕೇಳಿದಳು.

ಓಡುತ್ತಿರುವ ಪ್ರೋಗ್ರಾಮಿನ ಒಳಗನ್ನು ಇಣುಕಿ ನೋಡುವ ಇನ್ನೊಂದು ಬಗೆಯ ಪ್ರೋಗ್ರಾಮು ಇರುತ್ತದೆ. ಮರುದಿನವೇ ಅದನ್ನು ಪ್ರಯತ್ನಿಸಿದೆ. ಕಂಪ್ಯೂಟರು ಹಳೆಯದು, ಇಣುಕಲು ಹೊರಟ ಕೂಡಲೇ ಪರದೆ ಬಿಳಚಿಕೊಂಡು ಕಲ್ಲಿನಂತೆ ನಿಂತುಬಿಟ್ಟಿತು. ನಲವತ್ತು ನಿಮಿಷ ಹಾಗೇ ಇತ್ತು. ಆಮೇಲೆ ತಾನಾಗಿ ಸರಿಹೋಗಿ ಅಂಕಿಗಳು ಮತ್ತೆ ಬಂದವು. ಮೇಡಂ ಬೆವರು ಒರೆಸಿಕೊಂಡು, "ಇನ್ನು ಯಾರೂ ಇದನ್ನ ಮುಟ್ಟಬಾರದು. ನೀವಂತೂ ಮುಟ್ಟಲೇಬಾರದು ಇಂದುಧರ್" ಎಂದರು. ಕೀಲಿಮಣೆಗೆ ಬಟ್ಟೆ ಮುಚ್ಚಿ ದಾರ ಕಟ್ಟಿಸಿದರು.

ನಮ್ಮ ಊರಿನ ಜನಕ್ಕೆ ಯಾವುದಕ್ಕೂ ಒಗ್ಗಿಕೊಳ್ಳುವ ಅಭ್ಯಾಸವಿದೆ. ಹದಿನೈದು ದಿನದಲ್ಲಿ ಅವರು ಅಂಕಿ ನೋಡಲು ಬರತೊಡಗಿದರು; ಮೌಸಿನಿಂದ ಸಾಲುಗಳನ್ನು ಎಳೆದು ತೋರಿಸಲು ಮೇಡಂ ರುದ್ರಪ್ಪನೊಬ್ಬನಿಗೆ ಮಾತ್ರ ಬಿಟ್ಟಿದ್ದರು. ಅಜ್ಜಿ ಸಾವಿನ ಕ್ರಮದಲ್ಲಿ ಹೇಳಿದ್ದರಿಂದ, ಯಾರು ಯಾರ ಮುಂಚೆ ಹೋದರು ಎಂದು ಜಗುಲಿಗಳಲ್ಲಿ ಕೂತು ಜ್ಞಾಪಿಸಿಕೊಂಡು ತಮ್ಮವರ ಸಾಲನ್ನು ಅಂದಾಜು ಮಾಡಿದರು. ಗುರುಸಿದ್ಧಣ್ಣ ಆರುನೂರ ಎಪ್ಪತ್ತೊಂದನೆಯ ಸಾಲಿನ ಹನ್ನೊಂದು ತನ್ನ ಹೆಂಡತಿ ಎಂದ. ಅದು ನಮ್ಮ ಮಾವ ಎಂದು ಗಿರಣಿಯವರು ಜಗಳಕ್ಕೆ ಬಂದರು. ಇಬ್ಬರನ್ನೂ ಮೇಡಂ ಸಮಾಧಾನ ಮಾಡಿ ಕಳಿಸಿದರು. ಆಮೇಲೆ ಗುರುಸಿದ್ಧಣ್ಣ ಭಾನುವಾರ ಮಧ್ಯಾಹ್ನವೂ ಬರಲು ಶುರುಮಾಡಿದ. ಶನಿವಾರ ಹೋಗುವಾಗ ರುದ್ರಪ್ಪ ಅವನ ಸಾಲಿಗೆ ನಿಲ್ಲಿಸಿ ಹೋಗುತ್ತಿದ್ದ, ಕೊಠಡಿಯ ಕಿಟಕಿಯ ಹೊರಗೆ ನಿಂತರೆ ಪರದೆ ಕಾಣುತ್ತಿತ್ತು. ಆ ಹನ್ನೊಂದನ್ನು ನೋಡಿಕೊಂಡು ನಿಲ್ಲುತ್ತಿದ್ದ.

ನಮ್ಮದು ಮಾತ್ರ ಅಂದಾಜಿನದಲ್ಲ. ಒಂಬೈನೂರ ನಾಲ್ಕು. ಅಲ್ಲಿ ಎಂಟು ಎಂದಿತ್ತು.

"ಎಂಟು ಅಂದ್ರೆ ಎಂಟಕ್ಷರಾನಾ ರೀ?" ಎಂದು ಅಂಬುಜ ಕೇಳಿದಳು. "ಅಷ್ಟುದ್ದ ಇಟ್ಟಿದ್ವಾ ನಾವು?"

"ಇಲ್ಲ. ಅದು ಗುಣಿತ, ಒತ್ತು ಎಲ್ಲ ಬೇರೆ ಬೇರೆ ಎಣಿಸುತ್ತೆ. ನಾಲ್ಕಕ್ಷರದ್ದು ಇರಬಹುದು. ಮೂರಕ್ಷರದ್ದೂ ಇರಬಹುದು."

ಎಣಿಸುವುದು ಹೇಗೆಂದು ಅವಳು ಕಲಿತುಕೊಂಡಳು. ನಾನೇ ಕಲಿಸಿದೆ. ಅಲ್ಲಿಂದ ಅದೊಂದೇ ಕೆಲಸವಾಯಿತು. ತರಕಾರಿ ಹೆಚ್ಚುತ್ತಾ, ಬಟ್ಟೆ ಒಣಹಾಕುತ್ತಾ ಬೆರಳು ಮಡಿಸಿ ಹೆಸರುಗಳನ್ನು ಎಣಿಸುವಳು. ಎಂಟಾದರೆ ನನ್ನ ಬಳಿ ಬಂದು ಹೇಳುವಳು. "ಸುಹಾಸಿನಿ? ಮೃಣಾಲಿನಿ? ಜ್ಯೋತಿಕಾ?" ಹೇಳಿ ನನ್ನ ಮುಖ ನೋಡುವಳು. ನಾನು ತಲೆಯಲ್ಲಾಡಿಸುತ್ತಿದ್ದೆ. ನಾಲ್ಕು ತಿಂಗಳಲ್ಲಿ ಮುನ್ನೂರಕ್ಕೂ ಹೆಚ್ಚು ಹೆಸರು ಹೇಳಿರಬೇಕು. ಅವುಗಳಲ್ಲಿ ಸರಿಯಾದದ್ದೂ ಇದ್ದಿರಬಹುದು. ಹೇಳಿದರೂ ಅವಳಿಗೆ ತಿಳಿಯುತ್ತಿರಲಿಲ್ಲ, ಕೇಳಿದರೂ ನನಗೆ ತಿಳಿಯುತ್ತಿರಲಿಲ್ಲ. ಒಂದು ದಿನ ಅವಳು ಪಾತ್ರೆ ತೊಳೆಯುತ್ತಿದ್ದವಳು ಕೈ ಬಿಟ್ಟು, "ಹೇಳಿಬಿಟ್ಟಿದ್ದೀನೋ ಏನೋ. ಕರೆದಿದ್ದೀನಿ, ಅದು ಅವಳೇ ಅಂತ ಗೊತ್ತಾಗ್ದೆ ಮುಂದಕ್ಕೆ ಹೋಗ್ಬಿಟ್ಟಿದ್ದೀನೋ ಏನೋ" ಎಂದಳು. ಅವತ್ತಿನಿಂದ ಊಟ ಸರಿಯಾಗಿ ಮಾಡಲಿಲ್ಲ.

ಆಫೀಸಿನ ಇನ್ನೊಂದು ಕಂಪ್ಯೂಟರಿನಲ್ಲಿ ನಾನು ಬೇರೆ ತರಹ ಇಣುಕುವ ಪ್ರೋಗ್ರಾಮನ್ನು ಬರೆಯತೊಡಗಿದೆ. ತುಂಬ ಹಗುರವಾದದ್ದು, ಒಂದು ಸಲಕ್ಕೆ ಒಂದೇ ಖಾನೆ ಓದುವಂಥದ್ದು. ಬದುಕಿರುವವರ ಹೆಸರು ಹಾಕಿ ಹತ್ತು ಸಲ ನೋಡಿದೆ. ಹತ್ತು ಸಲವೂ ಸರಿಯಾಗಿ ಬಂತು. ಮೇಡಂಗೆ ಹೇಳಿ ಅನುಮತಿ ಕೇಳಬೇಕಿತ್ತು. ಕೇಳಿದರೆ ಬೇಡ ಎನ್ನುತ್ತಾರೆ ಎಂದು ಗೊತ್ತಿತ್ತು. ಬಹುಶಃ ಒಪ್ಪಿದರೂ ಮೊದಲ ಸಾಲಿನಿಂದ ಶುರುಮಾಡಿ ಎನ್ನುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ಹನ್ನೆರಡು ಗಂಟೆಗೆ ಅಂಬುಜಳನ್ನು ಕರೆದುಕೊಂಡು ಹೋಗಿ ದಾಖಲೆ ಕೊಠಡಿಯ ಬೀಗ ತೆಗೆದೆ. ಹೊರಗಿನಿಂದ ಯಾರಿಗೂ ಕಾಣದಂತೆ ಕೊಠಡಿಯ ಕಿಟಕಿ ಹಾಕಿದೆ. ಕೀಲಿಮಣೆಯ ದಾರ ಬಿಚ್ಚಿದೆ. ನನ್ನ ಯೋಚನೆ ಇದ್ದದ್ದು ಹೀಗೆ: ಮೊದಲು ಒಂದೇ ಒಂದು ಸಾಲು ಓದುವುದು, ಅದು ಬಂದರೆ, ಉಳಿದ ಎಲ್ಲವನ್ನೂ ಒಂದೊಂದಾಗಿ ಓದಿ ಪರದೆಯ ಮೇಲೆ ತೆರೆದ ಹೊಸ ಪ್ರೋಗ್ರಾಮೊಂದರ ಅರೇಗೆ ಸಾಗಿಸುವುದು. ಎಲ್ಲ ಸೇರಿ ಮೂರು ನಿಮಿಷದ ಕೆಲಸ. ಒಂದೇ ಸಾಲು ಓದುವುದಾದರೆ ಯಾವ ಸಾಲು ಎಂದು ನಾನು ನನ್ನನ್ನು ಕೇಳಿಕೊಳ್ಳಲಿಲ್ಲ.

ಒಂಬೈನೂರ ನಾಲ್ಕು ಎಂದು ಕೊಟ್ಟೆ. ಪುಟ್ಟ ಪೆಟ್ಟಿಗೆಯೊಂದು ತೆರೆದು ಅದರೊಳಗೆ ಹೆಸರು ಬಂತು.

ಅಂಬುಜ ಓದಿದಳು. ಮೊದಲು ಮೆಲ್ಲಗೆ, ಆಮೇಲೆ ಬಾಗಿಲಲ್ಲಿ ನಿಂತು ಮಗುವನ್ನು ಊಟಕ್ಕೆ ಕರೆಯುವ ಹಾಗೆ ಗಟ್ಟಿಯಾಗಿ ಕರೆದಳು. ನಾನೂ ಕರೆದೆ. ಅವಳು ನಗುತ್ತಿದ್ದಳು, ಅಳುತ್ತಿದ್ದಳು. "ಎಷ್ಟು ಸುಲಭ ಇತ್ತು ರೀ, ಎಷ್ಟು ಸುಲಭದ ಹೆಸರು" ಎನ್ನುತ್ತಿದ್ದಳು. ನಾನು ಪೆಟ್ಟಿಗೆ ಮುಚ್ಚಿ ಉಳಿದವುಗಳನ್ನು ಸಾಗಿಸಲು ಮೌಸ್ ಹಿಡಿದೆ. ಅವಳು ನನ್ನ ಕೈ ಮೇಲೆ ಕೈಯಿಟ್ಟಳು.

"ಮುಚ್ಬೇಡಿ. ಇನ್ನೊಂದ್ಸ್ವಲ್ಪ ಹೊತ್ತು."

"ಮತ್ತೆ ತೆಗೀಬಹುದು ಅಂಬುಜ."

"ಗೊತ್ತು. ಇನ್ನೊಂದ್ಸ್ವಲ್ಪ."

ನನಗೂ ಮುಚ್ಚಲು ಇಷ್ಟವಿರಲಿಲ್ಲ. ಹನ್ನೊಂದು ನಿಮಿಷ ಹಾಗೇ ನೋಡುತ್ತ ಕೂತೆವು. ಪರದೆಯ ಮೂಲೆಯಲ್ಲಿ ಗಡಿಯಾರವಿತ್ತು, ಅದಕ್ಕೇ ಗೊತ್ತು. ಹನ್ನೆರಡನೆಯ ನಿಮಿಷದಲ್ಲಿ ಪರದೆ ಬಿಳಚಿಕೊಂಡಿತು. ಕಳೆದ ಸಲದ ಹಾಗೆ ಸರಿಹೋದೀತು ಎಂದು ಕಾದೆ. ಸ್ವಲ್ಪ ಹೊತ್ತಿನಲ್ಲಿ ಪರದೆ ಪೂರ್ತಿ ಕಪ್ಪಾಯಿತು, ಒಳಗೆ ಫ್ಯಾನ್ ನಿಂತು ಮತ್ತೆ ಶುರುವಾಯಿತು. ಕಂಪ್ಯೂಟರು ತಾನಾಗಿಯೇ ಹೊಸದಾಗಿ ಎದ್ದು, ಮೊದಲ ದಿನದಂತೆ ಖಾಲಿ ಪರದೆಯನ್ನು ತೋರಿಸಿತು.

ನಾವು ಅಲುಗಾಡಲಿಲ್ಲ. ಹೆಸರು ಇನ್ನೂ ನಮ್ಮ ಬಾಯಲ್ಲಿತ್ತು. ಹೊಸ್ತಿಲು ದಾಟುವ ತನಕ ಇರುತ್ತದೆ. ಅಂಬುಜ ಗೋಡೆಗೆ ಒರಗಿ ಕೂತು ಅದನ್ನು ಹೇಳಲು ಶುರುಮಾಡಿದಳು. ನಾನು ಅವಳ ಎದುರು ನೆಲದ ಮೇಲೆ ಕೂತು ದನಿಗೂಡಿಸಿದೆ. ಇಲ್ಲೇ ಇದ್ದುಬಿಡಬಹುದು, ಒಬ್ಬರು ಒಳಗಿದ್ದು ಇನ್ನೊಬ್ಬರು ಹೋಗಿ ಊಟ ತಂದರೆ ಆಯಿತು, ಬಂದ ಮೇಲೆ ಕೇಳಿಸಿಕೊಂಡರಾಯಿತು ಎಂದೆಲ್ಲ ನನ್ನ ತಲೆ ಓಡುತ್ತಿತ್ತು. ಉಳಿದ ಸಾವಿರದ ನಾನೂರ ಹನ್ನೆರಡು ಜನ ಆಗ ನನ್ನ ಮನಸ್ಸಿನಲ್ಲಿ ಇರಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ.

ನಾಲ್ಕು ಗಂಟೆಗೆ ಯಾರೋ ಬಾಗಿಲು ತಟ್ಟಿದರು. ತೆರೆದರೆ ಗುರುಸಿದ್ಧಣ್ಣ ಚಪ್ಪಲಿ ಬಿಟ್ಟು ನಿಂತಿದ್ದ.

"ಕಿಟಕಿ ಹಾಕಿತ್ತು ಸಾರ್. ಅದಕ್ಕೆ ಬಂದೆ. ಒಳಗೆ ಬಂದು ಎರಡು ನಿಮಿಷ ನೋಡ್ಕೊಂಡು ಹೋಗ್ಲಾ?"

ನಾನು ಬಾಗಿಲಿಗೆ ಅಡ್ಡ ನಿಂತೆ. "ಇವತ್ತು ರಜಾ ಗುರುಸಿದ್ಧಣ್ಣ. ನಾಳೆ ಬನ್ನಿ."

"ಆಯ್ತು ಸಾರ್. ಅಂಕಿ ಸರಿಯಾಗಿದೆ ತಾನೇ? ಹನ್ನೊಂದೇ ಇದೆಯಾ?"

"ಇದೆ" ಎಂದೆ.

ನನ್ನ ಹಿಂದೆ ಅಂಬುಜಳ ದನಿ ನಿಂತಿತು. ಅವಳು ಎದ್ದು ಬಂದಳು. ನನ್ನ ಭುಜ ಸರಿಸಿ, ಹೊಸ್ತಿಲು ದಾಟಿ ಹೊರಗೆ ಹೋದಳು. "ಅಣ್ಣಾ, ಇಲ್ಲಿ ಕೂತ್ಕೊಳ್ಳಿ" ಎಂದು ಅವನನ್ನು ಜಗುಲಿಯ ಬೆಂಚಿನ ಮೇಲೆ ಕೂರಿಸಿ, ಪಕ್ಕದಲ್ಲಿ ಕೂತು, ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ನಾವು ಯಾರ ಸಾಲು ಮೊದಲು ಓದಿದೆವು ಎಂಬುದನ್ನೂ, ಮುಚ್ಚಬೇಡಿ ಎಂದವಳು ತಾನು ಎಂಬುದನ್ನೂ ಹೇಳಿದಳು.

"ಅಂಬುಜ, ಒಳಗೆ ಬಾ. ನನ್ನ ಹತ್ರ ಇನ್ನೂ ಇದೆ. ಹೇಳ್ತೀನಿ ಬಾ" ಎಂದು ನಾನು ಒಳಗಿನಿಂದ ಕರೆದೆ.

ಅವಳು ತಿರುಗಿ ನೋಡಿದಳು. "ಬೇಡ ರೀ. ನೀವೂ ಬನ್ನಿ ಹೊರಗೆ."

ಖಾಲಿ ಪರದೆಯಲ್ಲಿ ಅದನ್ನು ಮತ್ತೆ ಟೈಪು ಮಾಡಿಡಬಹುದಿತ್ತು; ಎಲ್ಲರದನ್ನೂ ಕಳೆದು ನಮ್ಮದೊಂದನ್ನೇ ಇಡಲು ಕೈ ಬರಲಿಲ್ಲ. ಮಗಳ ಹೆಸರನ್ನು ಇನ್ನೂ ಕೆಲವು ಸಲ ಹೇಳಿಕೊಂಡೆ. ಆಮೇಲೆ ಹೊರಗೆ ಬಂದೆ.

ಊರು ನನ್ನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಕೆಂಚಮ್ಮ ಮನೆಗೆ ಬಂದು, ಒಂದು ಲೋಟ ನೀರು ಕುಡಿದು ಹ್ಞೂಂ ಎಂದು ಎದ್ದುಹೋದಳು. ಮೇಡಂ ವರ್ಗ ಮಾಡಿಸಿಕೊಂಡು ಹೋದರು. ಹೋಗುವ ಮುಂಚೆ, ಇನ್ನು ಮುಂದೆ ಬದುಕಿರುವಾಗಲೇ ಎಲ್ಲರ ಹೆಸರನ್ನೂ ಹಾಕಿಸಿ, ಎರಡು ಕಾಲಂ ಇರಲಿ, ಪರೀಕ್ಷೆ ಮಾಡಿ ಎಂದು ಬರೆದಿಟ್ಟಿದ್ದರು. ನಾನು ಮಾಡಿದೆ. ಒಂದು ಮೂಟೆಯಲ್ಲಿ ಹೆಸರು, ಸಂಬಂಧ. ಟೈಪು ಮಾಡಿದ ಕೂಡಲೇ ಗ್ರಿಡ್‌ನಲ್ಲಿ ಸ್ಪಷ್ಟವಾಗಿ ಬರುತ್ತದೆ. ಯಾವ ತೊಂದರೆಯೂ ಇಲ್ಲ. ಅಂಬುಜ ತನ್ನ ಹೆಸರು ಹಾಕಿಸಲು ಬಂದಿಲ್ಲ. ಮನೆಯಲ್ಲಿ ಈಗ ಅವಳು ಬೆರಳು ಮಡಿಸುವುದಿಲ್ಲ, ಯಾವ ಹೆಸರನ್ನೂ ಹೇಳುವುದಿಲ್ಲ, ನನ್ನನ್ನು ಕರೆಯಬೇಕಾದಾಗ ಬಾಗಿಲು ಬಡಿಯುತ್ತಾಳೆ.

ಮೊನ್ನೆ ಗುರುಸಿದ್ಧಣ್ಣನ ಸರದಿ ಬಂತು. ಕುರ್ಚಿಯಲ್ಲಿ ಕೂತು ಕನ್ನಡಕ ಹಾಕಿಕೊಂಡ. ನಾನು ಅವನ ಹೆಸರನ್ನು ಟೈಪು ಮಾಡಿ ತೋರಿಸಿದೆ. ಸರಿಯಾಗಿದೆ ಎಂದು ತಲೆಯಾಡಿಸಿದ.

"ಇಲ್ಲಿ ಏನ್ ಹಾಕ್ಲಿ? ಯಾರವರು ಅಂತ" ಎಂದು ಎರಡನೆಯ ಖಾನೆ ತೋರಿಸಿದೆ.

"ಗಂಡ ಅಂತ ಹಾಕಿ."

"ಯಾರ ಗಂಡ ಅಂತ ಹಾಕ್ಬೇಕು ಗುರುಸಿದ್ಧಣ್ಣ."

ಅವನು ಕನ್ನಡಕ ತೆಗೆದು ನನ್ನನ್ನೇ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ.

"ಅದನ್ನ ನೀವೇ ಹೇಳ್ಬೇಕು ಸಾರ್" ಎಂದ.

ಹಿಂದೆ ಸಾಲಿನಲ್ಲಿ ನಿಂತವರು ಕಾಯುತ್ತಿದ್ದರು. ನಾನು ಆ ಖಾನೆಯನ್ನು ಹಾಗೇ ಬಿಟ್ಟು ಮುಂದಿನವರನ್ನು ಕರೆದೆ.